‘ಆತು’ ಎನ್ನುವ ಮೊದಲು

ಕೊರೋನಾ ಕಳೆದು ಎರಡು ಮಳೆಗಾಲ ಆಗಿತ್ತು. ದೂರದ ಊರಿನ ರೇಡಿಯೊ ಕೇಂದ್ರವೊಂದರಲ್ಲಿ ಮೂರು ದಶಕ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತನಾದ ನಾನು ಕುಮಟೆಗೆ ಮರಳಿ, ಹಾರ್ಡ್‌ವೇರ್ ಅಂಗಡಿಯೊಂದರ ಮಾಳಿಗೆಯಲ್ಲಿ ಸಣ್ಣ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದೆ. ಗೋಡೆಗೆ ಹಳೆಯ ಹಾಸಿಗೆ, ಕಿಟಕಿಗೆ ಕಂಬಳಿ, ನಡುವೆ ಒಂದು ಮೈಕು. ಊರಿನವರು ನನ್ನನ್ನು ‘ರೇಡಿಯೊ ನಾಯ್ಕರು’ ಎನ್ನುತ್ತಾರೆ. ನಿಜವಾದ ಹೆಸರು ಅರ್ಧ ಊರಿಗೆ ಗೊತ್ತೇ ಇಲ್ಲ. ಬರುವ ಕೆಲಸವೆಂದರೆ ತಾಳಮದ್ದಲೆಯ ಮುದ್ರಣ, ಭಜನೆ, ಸೀರೆ ಅಂಗಡಿಯ ಜಾಹೀರಾತು. ದುಡ್ಡಿನ ಆಸೆಗೆ ಅಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೂತರೆ ಫ್ರಿಜ್ಜಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಜೀವಮಾನವೆಲ್ಲ ಧ್ವನಿಗಳ ನಡುವೆ ಇದ್ದವನಿಗೆ ಅದು ಬಹಳ ಕಷ್ಟ.

ನಮ್ಮ ಕೆಲಸದಲ್ಲಿ ‘ಲೆವೆಲ್ ತೆಗೆದುಕೊಳ್ಳುವುದು’ ಎಂದು ಒಂದು ಪದ್ಧತಿ ಇದೆ. ಮುದ್ರಣಕ್ಕೆ ಮೊದಲು ಮೈಕಿನ ಮುಂದೆ ಕೂತವರನ್ನು ಒಂದಿಷ್ಟು ಮಾತಾಡಿಸಿ, ಅವರ ಸ್ವರ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ನೋಡಿ ಯಂತ್ರವನ್ನು ಹೊಂದಿಸಿಕೊಳ್ಳುವುದು. “ಏನಾದರೂ ಮಾತಾಡಿ” ಅಂದರೆ ಎಂಥ ವಾಚಾಳಿಯೂ ಮೂಕನಾಗುತ್ತಾನೆ. ಹಾಗಾಗಿ ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ: “ಊಟ ಆತಾ? ಎಂತ ಊಟ?” ದೊಡ್ಡ ವಿದ್ವಾಂಸರೂ ಸಾರಿಗೆ ಉಪ್ಪು ಹೆಚ್ಚಾದ ಸಂಗತಿಯನ್ನು ಮನಸ್ಸು ಬಿಚ್ಚಿ ಹೇಳುತ್ತಾರೆ. ಅಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ.

ಈ ಉಪಾಯಕ್ಕೆ ಬಗ್ಗದವನು ಒಬ್ಬನೇ, ಹೊನ್ನಾವರದ ವಸಂತ. ಇದು ಅವನ ನಿಜವಾದ ಹೆಸರಲ್ಲ. ರಿಕ್ಷಾಕ್ಕೆ ಮೈಕು ಕಟ್ಟಿ ಊರೂರು ಸುತ್ತುತ್ತದಲ್ಲ, ಆ ಪ್ರಚಾರದ ಧ್ವನಿ ಅವನದು. ಭಟ್ಕಳದಿಂದ ಕುಮಟೆಯವರೆಗೆ ರಕ್ತದಾನ ಶಿಬಿರ, ಕಬಡ್ಡಿ ಪಂದ್ಯ, ನಾಳೆ ನಳದಲ್ಲಿ ನೀರು ಬರುವುದಿಲ್ಲ ಎಂಬ ಸೂಚನೆ, ಎಲ್ಲವನ್ನೂ ಜನ ಅವನ ಬಾಯಲ್ಲೇ ಕೇಳಿದವರು. ಕೂಗಬೇಕಾದ್ದನ್ನು ನನ್ನ ಕೋಣೆಯಲ್ಲಿ ಮುದ್ರಿಸಿಕೊಂಡು ಹೋಗುತ್ತಿದ್ದ. “ಊಟ ಆತಾ?” ಎಂದರೆ “ಆತು.” ಅಷ್ಟೇ. “ಎಂತ ಊಟ ಮಾರಾಯ?” ಎಂದರೂ “ಆತು ಸರ್, ಶುರು ಮಾಡುವ.” ನನಗೆ ಸಿಟ್ಟು ಬರುತ್ತಿತ್ತು. ತಕ್ಕಡಿಗೆ ಒಂದೇ ಒಂದು ಸಿಗಡಿ ಹಾಕಿ ತೂಗು ಅಂದ ಹಾಗೆ. ಒಂದು ಶಬ್ದಕ್ಕೆ ಲೆವೆಲ್ ಇಡುವುದು ಹೇಗೆ? ಊರಿಗೆಲ್ಲ ಕೂಗುವವನಿಗೆ ನನ್ನೆದುರು ನಾಲ್ಕು ಮಾತಾಡಲು ಎಂಥ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಆ ವರ್ಷ ಬಾಡ ಎಂಬ ಊರಿನ ದಿನಕರ ಎನ್ನುವ ಕಲಾವಿದ ನನ್ನ ಮೆಟ್ಟಿಲು ಹತ್ತಿ ಬಂದ. ನಲವತ್ತರ ಆಸುಪಾಸಿನವನು. ಧಾರವಾಡದಲ್ಲಿ ಚಿತ್ರಕಲೆ ಕಲಿತು, ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದವನು, ಕುಡಿತಕ್ಕೆ ಬಿದ್ದು ಎರಡು ಸಲ ವ್ಯಸನಮುಕ್ತಿ ಕೇಂದ್ರ ಕಂಡು ಈಗ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟ. ಹೊನ್ನಾವರದ ಬಂದರಿನ ಬದಿ ಮುಚ್ಚಿದ ಐಸ್ ಫ್ಯಾಕ್ಟರಿಯೊಂದು ಅವನಿಗೆ ಕೆಲವು ದಿನಗಳ ಮಟ್ಟಿಗೆ ಸಿಕ್ಕಿತ್ತು. ಅಲ್ಲಿ ‘ಇಮ್ಮರ್ಸಿವ್ ಆರ್ಟ್’ ಮಾಡುತ್ತೇನೆ ಎಂದ.

“ಅಂದ್ರೆ ಮುಳುಗಿಸುವ ಕಲೆಯಾ? ಶರಾವತಿ ಪಕ್ಕದಲ್ಲಿ ಅದು ಬೇಡ ಮಾರಾಯ” ಎಂದೆ.

ಅವನು ನಕ್ಕು ವಿವರಿಸಿದ. ಗೋಡೆಗೆ ಚಿತ್ರ ತೂಗುಹಾಕಿ ದೂರ ನಿಂತು ನೋಡುವುದಲ್ಲ. ಬಂದವರು ಕೃತಿಯ ಒಳಗೇ ಹೋಗಬೇಕು. ಸುತ್ತ ಕತ್ತಲೆ, ತಣ್ಣಗಿನ ಗೋಡೆ, ಖಾಲಿ ಗ್ಲಾಸುಗಳಿಟ್ಟ ಒಂದು ಬೆಂಚು, ಬೇರೆ ಬೇರೆ ಮೂಲೆಗಳಿಂದ ಬರುವ ಧ್ವನಿಗಳು. ಒಂದು ಸಲಕ್ಕೆ ಒಬ್ಬರೇ ಹೋಗಬೇಕು. ಯಾರ ಧ್ವನಿಗಳು ಎಂದು ಕೇಳಿದೆ. “ಗಂಡಸರನ್ನು ಪ್ರೀತಿಸುವ ಗಂಡಸರದ್ದು ಸರ್. ನಾವು ಯಾಕೆ ಕುಡಿದೆವು, ಯಾರನ್ನು ಕಳಕೊಂಡೆವು, ಯಾಕೆ ಯಾರಿಗೂ ಹೇಳಲಿಲ್ಲ, ಅದು” ಎಂದು ನನ್ನ ಮುಖವನ್ನೇ ನೋಡುತ್ತಾ ಹೇಳಿದ.

ನಾನು ಹೆಡ್‌ಫೋನಿನ ವಯರು ಸುತ್ತುತ್ತಾ ಕೂತೆ. ಈ ವಯಸ್ಸಿನವರೆಗೆ ನನ್ನೆದುರು ಕೂತು ಯಾರೂ ಇಂಥ ಮಾತು ಹೇಳಿರಲಿಲ್ಲ. ನಿಮ್ಮನ್ನು ಏನೆಂದು ಕರೆಯಬೇಕು, ಪೇಪರಿನಲ್ಲಿ ಬರುವ ಉದ್ದ ಶಬ್ದ ಬಾಯಿಗೆ ಬರುವುದಿಲ್ಲ ಎಂದೆ. “ಗೇ ಅನ್ನಿ, ಇಲ್ಲ ಎಂತದೂ ಅನ್ನಬೇಡಿ. ಕೇಳಿದರೆ ಸಾಕು” ಎಂದ. ಕೇಳುವುದು ನನಗೆ ಗೊತ್ತಿರುವ ಏಕಮಾತ್ರ ಕೆಲಸ, ಒಪ್ಪಿದೆ. ಒಂದು ಸ್ವಾರ್ಥವೂ ಇತ್ತು. ಐಸ್ ಫ್ಯಾಕ್ಟರಿಯ ಗೋಡೆಗಳು ಶೀತ ಹೊರಹೋಗದಂತೆ ದಪ್ಪಗೆ ಹೊದಿಸಿದಂಥವು. ಒಳಗೆ ಪ್ರತಿಧ್ವನಿ ಹುಟ್ಟುವುದಿಲ್ಲ, ಹೊರಗಿನ ಬೋಟಿನ ಎಂಜಿನ್ನೂ ಕೇಳುವುದಿಲ್ಲ. ಅಂಥ ಕೋಣೆ ನನ್ನ ವೃತ್ತಿಯಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

ಹಾರ್ಡ್‌ವೇರ್ ಅಂಗಡಿ ಮಧ್ಯಾಹ್ನ ಬಾಗಿಲೆಳೆಯುವ ಹೊತ್ತಿಗೆ ಒಬ್ಬೊಬ್ಬರೇ ಬಂದು ಮಾತಾಡಿ ಹೋದರು. ಭಟ್ಕಳದ ಹತ್ತಿರದ ಜಾಲಿಯಿಂದ ಬಟ್ಟೆ ವ್ಯಾಪಾರದ ಒಬ್ಬ ಹಿರಿಯರು ಬಂದಿದ್ದರು. ಅವರ ಯೌವನದಲ್ಲಿ, ಆ ರೋಗದ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳದ ಕಾಲದಲ್ಲಿ, ಅವರ ಗೆಳೆಯರು ಒಬ್ಬರ ಹಿಂದೆ ಒಬ್ಬರು ಹೋದರಂತೆ. ಪ್ರತಿಯೊಂದು ಸಾವಿಗೂ ಹೋಗಿ, ಯಾರೋ ಪರಿಚಯದವರ ಹಾಗೆ ಗುಂಪಿನ ಹಿಂದೆ ನಿಂತು ಬಂದರಂತೆ. ಆಮೇಲೆ ಅಂಗಡಿಯ ಗಲ್ಲಾದ ಕೆಳಗೆ ಕೆಮ್ಮಿನ ಔಷಧದ ಬಾಟಲಿ ಇಟ್ಟುಕೊಳ್ಳುವುದು ಶುರುವಾಯಿತು. “ಕೆಮ್ಮು ಇರಲಿಲ್ಲ ಭಾಯಿ” ಎಂದರು. ಅವರ ಹೆಂಡತಿ ಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ. ಅಳಲಿಲ್ಲ, ಎಲ್ಲಿಯೂ ಸ್ವರ ಏರಲಿಲ್ಲ. ಅಷ್ಟು ಸಮನಾದ ಸ್ವರವನ್ನು ನಾನು ವಾರ್ತೆ ಓದುವವರಲ್ಲಿ ಮಾತ್ರ ಕೇಳಿದ್ದೆ.

ಕೊನೆಗೆ ಬಾಗಿಲಲ್ಲಿ ನಿಂತವನು ವಸಂತ. “ಇವತ್ತು ಜಾಹೀರಾತಲ್ಲ ಸರ್” ಎಂದ. ನಾನು ಅಭ್ಯಾಸಬಲದಿಂದ “ಊಟ ಆತಾ?” ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಕೂತು, ಮೈಕನ್ನು ತಾನೇ ಹತ್ತಿರ ಎಳೆದುಕೊಂಡು ಶುರು ಮಾಡಿದ.

“ಯಾರ ಮನೆ ಸುದ್ದಿ ಆದ್ರೂ ನಾ ಕೂಗ್ತೆ. ನಂದು ಒಂದು ಕೂಗೂಕಾಗೂದಿಲ್ಲ” ಎಂದ. ತಾನು ಪ್ರೀತಿಸಿದವನ ಮದುವೆಗೆ ಮೈಕು ಇವನದೇ ಆಗಿತ್ತು. ವಧೂವರರಿಗೆ ಶುಭ ಕೋರಿ ನಗುನಗುತ್ತಾ ಮಾತಾಡಿ, ಮೈಕು ಬಿಚ್ಚಿ, ರಿಕ್ಷಾದಲ್ಲಿ ಹಾಕಿ, ದಾರಿಯಲ್ಲಿ ಕುಡಿಯಲು ನಿಂತವನು ಬಹಳ ವರ್ಷ ಅಲ್ಲೇ ನಿಂತುಬಿಟ್ಟ. ಆಮೇಲೆ ಮಾತು ಅಕ್ಕನ ಕಡೆ ತಿರುಗಿತು. ಅವ್ವ ಸತ್ತ ಮೇಲೆ ಸಾಕಿದ್ದು ಅಕ್ಕ. ಅಕ್ಕನಿಗೂ ಗಂಡ ಇಲ್ಲ, ಮಕ್ಕಳಿಲ್ಲ. ಇಬ್ಬರದೂ ಒಂದೇ ಮನೆ.

“ನಾ ಮನೆಗೆ ಬರುವಾಗ ಅಕ್ಕ ಒಳಗೆ ಮಲಗಿದ್ದಲ್ಲೇ ಕೇಳ್ತದೆ, ಊಟ ಆತನಾ ಅಂತ. ನಾ ‘ಆತು’ ಹೇಳ್ತೆ. ಅದೊಂದು ಶಬ್ದಕ್ಕೆ ನಾಲಿಗೆ ಎಡವೂದಿಲ್ಲ ಸರ್, ಎಷ್ಟು ಕುಡಿದ್ರೂ. ಎರಡನೇ ಶಬ್ದ ಹೇಳಿದ್ರೆ ಗೊತ್ತಾಗ್ತದೆ. ಕುಡಿದದ್ದು ಮಾತ್ರ ಅಲ್ಲ, ಎಲ್ಲ ಗೊತ್ತಾಗ್ತದೆ. ಈಗ ಕುಡಿಯೂದು ಬಿಟ್ಟೆ. ಆ ಶಬ್ದ ಬಿಡೂಕೆ ಆಗ್ಲಿಲ್ಲ.”

ಆಮೇಲೆ ಅಕ್ಕನ ಹಾಗೆಯೇ, ಮೆಲ್ಲಗೆ, “ಊಟ ಆತನಾ?” ಎಂದ. ಸುಮ್ಮನಾದ. ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ “ಆತು” ಎಂದು ಎದ್ದು ನಿಂತ. ಇಷ್ಟು ದಿನ ನನ್ನ ಕೋಣೆಯಲ್ಲಿ ಅವನು ಯಾವ ಉತ್ತರ ಕೊಡುತ್ತಿದ್ದ ಎಂಬುದು ನನಗೆ ಆಗ ಅರ್ಥವಾಯಿತು.

ಎದ್ದವನು ಹೋಗಲಿಲ್ಲ. “ಇದನ್ನು ಅಲ್ಲಿ ಕೇಳಿಸಬೇಕು ಅಂತ ಆಸೆ ಇದೆ. ಆದ್ರೆ ನನ್ನ ಸ್ವರ ಈ ಮೂರು ತಾಲೂಕಿನ ಮಕ್ಕಳಿಗೂ ಗೊತ್ತು. ಅಕ್ಕಂಗೆ ಗೊತ್ತಾದ್ರೆ ನಂಗೆ ಹೋಗೂಕೆ ಬೇರೆ ಮನೆ ಇಲ್ಲ ಸರ್” ಎಂದ. ನಾನು ಮಾಡುತ್ತೇನೆ ಬಿಡು ಎಂದು ಧೈರ್ಯ ಹೇಳಿದೆ. ಧ್ವನಿ ಮರೆಸುವುದು ನಮ್ಮಲ್ಲಿ ದೊಡ್ಡ ವಿದ್ಯೆಯಲ್ಲ. ಪಿಚ್, ಅಂದರೆ ಸ್ವರದ ಶ್ರುತಿಯನ್ನು ಇಳಿಸಿದರೆ ಆಯಿತು. ಇಳಿಸಿ ಕೇಳಿಸಿದೆ. ವಸಂತನ ಮುಖ ಸಣ್ಣದಾಯಿತು.

“ಟೀವೀಲಿ ಮುಖ ಮುಚ್ಚಿದ ಕಳ್ಳನ ಸ್ವರ ಆತಲ್ಲ ಸರ್ ಇದು. ನಾ ಎಂತ ಕದ್ದದ್ದು?”

ನಾನು ಯಂತ್ರ ಬಂದ್ ಮಾಡಿದೆ.

ದಾರಿ ತೋರಿಸಿದ್ದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ; ಪಂಚೆ ಉಟ್ಟ ಮಾಸ್ತರರು ಕೂತಲ್ಲೇ ಕರ್ಣನಾಗಿ ಮಾತಾಡುತ್ತಾರೆ, ಕೇಳುವವರ ಕಣ್ಣಲ್ಲಿ ನೀರು ಬರುತ್ತದೆ. ಕರ್ಣನ ಸ್ವರ ಹೇಗಿತ್ತು ಎಂದು ಯಾರಾದರೂ ಕೇಳುತ್ತಾರೆಯೇ? ಒಬ್ಬರ ಕತೆಯನ್ನು ಮತ್ತೊಬ್ಬರು ಹೇಳಲಿ ಎಂದೆ. ದಿನಕರ ಕುಣಿದಾಡಿಬಿಟ್ಟ. ಜಾಲಿಯ ಹಿರಿಯರ ಕತೆಯನ್ನು ಸಂತೆಗುಳಿಯ ಯುವಕನೊಬ್ಬ ತನ್ನ ಮನೆಯ ಹವ್ಯಕ ಮಾತಿನಲ್ಲಿ ಹೇಳಿದ: “ಆನು ಹಿಂದೆ ನಿತ್ಕಂಡಿದ್ದಿ. ಅವ ನಿಂಗೆ ಎಂತ ಆಗವು ಕೇಳಿದ್ರೆ ಯಂಗೆ ಹೇಳಲೆ ಬತ್ತಿತ್ತಿಲ್ಲೆ.” ವಸಂತನ ಕತೆಗೆ ಜಾಲಿಯ ಹಿರಿಯರು ಸಿಕ್ಕರು. “ನಮ್ಮ ಮನೆಯಲ್ಲಿ ಎಲ್ಲ ನವಾಯತಿ ಮಾತು. ನನ್ನ ಕನ್ನಡದ ಆವಾಜ್ ನನ್ನ ಮಕ್ಕಳೇ ಕೇಳಿಲ್ಲ, ಹೆದರಿಕೆ ಇಲ್ಲ” ಎಂದರು. ವಸಂತನ ಮಾತನ್ನೆಲ್ಲ ತಮ್ಮ ರೀತಿಯಲ್ಲೇ ಹೇಳಿದರು. ‘ಆತು’ ಇದ್ದಲ್ಲೆಲ್ಲ “ಆಯ್ತು” ಎಂದರು. ದಿನಕರ ಬಿಡಲಿಲ್ಲ. ಅದು ‘ಆತು’ ಆಗಬೇಕು, ಆ ಒಂದು ಶಬ್ದವಾದರೂ ವಸಂತನದು ಉಳಿಯಲಿ ಎಂದ. ಕರಾವಳಿಯಲ್ಲಿ ಯಾರ ಮನೆಯಲ್ಲಿ ಊಟ ಆತಾ ಎಂದು ಕೇಳುವುದಿಲ್ಲ? ಗುರುತು ಸಿಗಲಿಕ್ಕಿಲ್ಲ ಎಂದು ನಾನೂ ಒಪ್ಪಿದೆ. ಹೀಗೆ ಎಲ್ಲರಿಗೂ ಒಂದೊಂದು ಧ್ವನಿ ಸಿಕ್ಕಿತು, ವಸಂತನ ಧ್ವನಿ ಮಾತ್ರ ಯಾರ ಕತೆಗೂ ಬೇಡವಾಯಿತು. ಮೂರು ತಾಲೂಕಿಗೆ ಗೊತ್ತಿದ್ದ ಸ್ವರವನ್ನು ಎಲ್ಲಿಯೂ ಇಡುವಂತಿರಲಿಲ್ಲ. ಅವನು ಮೂಲೆಯಲ್ಲಿ ಕೂತು ತನ್ನ ಕತೆಯನ್ನು ಬೇರೆಯವರ ಬಾಯಲ್ಲಿ ಕೇಳಿಕೊಂಡ.

ನಾನೂ ದಿನಕರನೂ ಜಗಳವಾಡಿದ್ದು ಆ ಮೌನದ ಬಗ್ಗೆ. ‘ಊಟ ಆತನಾ’ ಮತ್ತು ‘ಆತು’ ನಡುವೆ ವಸಂತ ಬಿಟ್ಟಷ್ಟೇ ಹೊತ್ತು ಜಾಲಿಯವರೂ ಬಿಟ್ಟಿದ್ದರು. ಅಳೆದೆ: ಹನ್ನೊಂದು ಸೆಕೆಂಡು. ರೇಡಿಯೊದಲ್ಲಿ ಇದಕ್ಕೆ ‘ಡೆಡ್ ಏರ್’ ಎನ್ನುತ್ತಾರೆ, ಅಂದರೆ ಸತ್ತ ಗಾಳಿ. ಐದು ಸೆಕೆಂಡು ಸದ್ದಿಲ್ಲದೆ ಹೋದರೆ ಕೇಳುಗ ಸ್ಟೇಷನ್ ಕೆಟ್ಟಿತೆಂದು ಬೇರೆ ಕಡೆ ತಿರುಗಿಸುತ್ತಾನೆ. ನಮಗೆ ಮೇಲಿನವರಿಂದ ಕಾರಣ ಕೇಳಿ ಪತ್ರ ಬರುತ್ತಿತ್ತು. ಮೌನ ಕಂಡಲ್ಲಿ ಕತ್ತರಿಸುವುದು ನನ್ನ ಬೆರಳಿಗೆ ಅಂಟಿದ ಅಭ್ಯಾಸ. ಕತ್ತರಿಸಿದೆ. ದಿನಕರ ಕೇಳಿದವನೇ ಕೆಂಡವಾದ. “ಅದು ಖಾಲಿ ಅಲ್ಲ ಸರ್. ಈಗಲಾದ್ರೂ ಯಾರಾದ್ರೂ ಇನ್ನೊಂದು ಪ್ರಶ್ನೆ ಕೇಳ್ತಾರಾ ಅಂತ ಅಂವ ಕಾಯ್ತಾ ಇದ್ದಾನೆ.” ನಿನ್ನ ಕಲೆ, ನಿನ್ನ ಹಣೆಬರಹ ಎಂದು ಗೊಣಗುತ್ತಾ ಹನ್ನೊಂದು ಸೆಕೆಂಡನ್ನೂ ವಾಪಸು ಅಂಟಿಸಿದೆ.

ಪ್ರದರ್ಶನ ಶುರುವಾಯಿತು. ಹಳೆಯ ಕಂಪ್ರೆಸರ್ ಕೋಣೆಯಲ್ಲಿ ನನ್ನ ಯಂತ್ರಗಳು. ಕತ್ತಲೆಯಲ್ಲಿ ಒಬ್ಬರೇ ಇರುವಾಗ ಯಾರಿಗಾದರೂ ತಲೆ ತಿರುಗಿದರೆ ಗೊತ್ತಾಗಲಿ ಎಂದು ಒಳಗೆ ಒಂದು ಮೈಕು ಇಟ್ಟಿದ್ದೆ. ಅದು ಕೇಳುವುದಕ್ಕೆ ಮಾತ್ರ, ಮುದ್ರಣಕ್ಕಲ್ಲ. ಬಾಗಿಲಲ್ಲಿ ಹಾಗೆಂದು ಬರೆದೂ ಹಾಕಿದ್ದೆವು. ಬಂದವರಲ್ಲಿ ಕೆಲವರು ಅರ್ಧಕ್ಕೇ ಹೊರಬಂದು “ಎಂತ ಮಳ್ಳು ಇದು” ಎಂದು ಹೋದರು. ಒಬ್ಬರು ಮೀನಿನ ವಾಸನೆ ಬರುತ್ತದೆ ಎಂದು ದೂರಿದರು, ನಿಜವಾಗಿ ಬರುತ್ತಿತ್ತು. ಕೆಲವರು ಹೊರಬಂದು ಬಂದರಿನ ಕಟ್ಟೆಯ ಮೇಲೆ ಕೂತಿದ್ದು ಹೋದರು.

ಇದರ ಪ್ರಚಾರ ಮಾಡಿದ್ದು ವಸಂತನೇ. ತಾನೇ ಕೇಳಿ ಮಾಡಿದ. “ಆತ್ಮೀಯ ಬಂಧುಗಳೇ, ಬಂದರು ರಸ್ತೆಯ ಐಸ್ ಫ್ಯಾಕ್ಟರಿಯಲ್ಲಿ ಕಲಾ ಪ್ರದರ್ಶನ, ದಯಮಾಡಿ ಒಬ್ಬೊಬ್ಬರಾಗಿ ಬನ್ನಿ” ಎಂದು ಅವನ ರಿಕ್ಷಾ ಕೂಗುತ್ತಾ ಹೋಗುವುದು ಕಂಪ್ರೆಸರ್ ಕೋಣೆಯ ಕಿಟಕಿಯಲ್ಲಿ ನನಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಊಟದ ಹೊತ್ತು. ದಿನಕರ ಬಲ್ಬು ತರಲು ಪೇಟೆಗೆ ಹೋಗಿದ್ದ, ನಾನೊಬ್ಬನೇ ಇದ್ದೆ. ಅಬ್ಬಲಿಗೆ ಮುಡಿದ, ಕೈಯಲ್ಲಿ ಬಟ್ಟೆಚೀಲ ಹಿಡಿದ ಹೆಂಗಸೊಬ್ಬರು ಬಂದು ಒಳಗೆ ಹೋಗುವುದು ಎಲ್ಲಿಂದ ಎಂದು ಕೇಳಿದರು. ಐವತ್ತೈದು ದಾಟಿರಬಹುದು. ಇದು ಎಂಥದೆಂದು ಗೊತ್ತೇ ಎಂದು ವಿಚಾರಿಸಿದೆ.

“ಎಂತ ಅಂತ ಗೊತ್ತಿಲ್ಲ. ಮೈಕಿನ ವಸಂತ ನಮ್ಮ ತಮ್ಮ. ಅಂವ ಕೂಗಿದ್ದಕ್ಕೆಲ್ಲ ನಾ ಹೋಗ್ತೆ. ಯಾರೂ ಬರದಿದ್ರೆ ಅವನ ಹೆಸರಿಗೆ ಕಡಿಮೆ ಅಲ್ಲನಾ?”

ಯಂತ್ರ ಕೆಟ್ಟಿದೆ ಎಂದು ಹೇಳಿಬಿಡಲೇ ಎನಿಸಿತು. ವಸಂತ ಭಟ್ಕಳದ ಕಡೆ ಹೋಗಿದ್ದ. ಇಷ್ಟು ಪ್ರೀತಿಯಿಂದ ಬಂದವರನ್ನು ಸುಳ್ಳು ಹೇಳಿ ಕಳಿಸುವುದು ಹೇಗೆ? ಧ್ವನಿ ಬೇರೆಯವರದು, ಗೊತ್ತಾಗಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡು ಬಾಗಿಲು ತೆರೆದೆ. ಹೆಡ್‌ಫೋನ್ ಹಾಕಿಕೊಂಡು ಕೂತೆ.

ಸಂತೆಗುಳಿಯವನ ಮಾತಿಗೆ ಅವರು “ಅಯ್ಯೋ ದೇವ್ರೆ” ಎಂದರು. ಮದುವೆಯ ಮೈಕಿನ ಮಾತು ಬಂದಾಗ ಬಟ್ಟೆಚೀಲದ ಹಿಡಿಕೆ ಹಿಂಡುವ ಸದ್ದು ಕೇಳಿತು. ಅಕ್ಕನಿಗೆ ‘ಆತು’ ಎನ್ನುವ ಮಾತು ಬಂದಾಗ ಅದೂ ನಿಂತಿತು. ಜಾಲಿಯವರ ಸ್ವರ ಮೆಲ್ಲಗೆ “ಊಟ ಆತನಾ?” ಎಂದಿತು. ಹನ್ನೊಂದು ಸೆಕೆಂಡು ಶುರುವಾಯಿತು.

“ಆಗಿರ್ಲಿಲ್ಲ” ಎಂದರು ಆ ಹೆಂಗಸು, ಕತ್ತಲೆಗೆ. “ಬೆಳಿಗ್ಗೆ ಪಾತ್ರೆಲಿ ಅನ್ನ ಹಂಗೇ ಇರ್ತಿತ್ತು. ನಾನೇ ತೆಗೆದು ದನಕ್ಕೆ ಹಾಕ್ತಿದ್ದೆ.”

“ಆತು” ಎಂದಿತು ಸ್ಪೀಕರು.

ಅವರು ಹೊರಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನೀರು ಕೊಟ್ಟೆ, ಕುಡಿದರು. ಹೇಳಿದವರು ಯಾರು ಎಂದು ಕೇಳಿದರು. “ಜಾಲಿ ಬದಿಯವರ ಧ್ವನಿ” ಎಂದೆ. ಅದು ಸುಳ್ಳಲ್ಲ.

“ಧ್ವನಿ ಯಾರದ್ದಾರೂ ಇರ್ಲಿ ಮಾರಾಯ್ರೆ. ಜಾಲಿಯವ್ರ ಮನೇಲಿ ‘ಆತು’ ಅಂತಾರಾ?” ಎಂದರು.

ವಸಂತನದೆಂದು ಉಳಿಸಿದ ಆ ಒಂದು ಶಬ್ದ ಅವನನ್ನು ಹಿಡಿದುಕೊಟ್ಟಿತ್ತು. ಬೇರೆ ಯಾರೇ ಆಗಿದ್ದರೂ ಗಮನಿಸುತ್ತಿರಲಿಲ್ಲ. ಆ ಶಬ್ದವನ್ನು ವರ್ಷಗಟ್ಟಲೆ ಬಾಗಿಲಿನ ಆಚೆಯಿಂದ ಕೇಳಿದವರು ಜಗತ್ತಿನಲ್ಲಿ ಇವರೊಬ್ಬರೇ. ಅವನು ನಿಮಗೆ ಹೆದರಿ ಹೇಳಿಲ್ಲ, ಮನೆಗೆ ಹೋಗಿ ನೀವೇ ಮಾತಾಡಿ ಎಂದೆ.

“ಬೇಡ. ನಾ ಬಂದದ್ದು ಅವಂಗೆ ಹೇಳ್ಬೇಡಿ. ನಾ ಬಾಯಿ ಬಿಟ್ರೆ ಅಂವ ನಾಚ್ಕೆಂಡು ಮನೆ ಬಿಟ್ಟು ಹೋಗ್ತಾನೆ. ನಂಗೂ ಮತ್ತೆ ಯಾರಿದ್ದಾರೆ?” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಕ್ಕ ತಮ್ಮ ಇಬ್ಬರ ಹೆದರಿಕೆಯೂ ಒಂದೇ ಆಗಿತ್ತು, ಆ ಮನೆಯಿಂದ ಇನ್ನೊಬ್ಬರು ಹೋಗಿಬಿಟ್ಟರೆ ಎಂಬುದು. ಒಂದೇ ಸೂರಿನಡಿ ಇಬ್ಬರೂ ಅದನ್ನು ಒಂಟಿಯಾಗಿ ಹೊತ್ತಿದ್ದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಬಾಗಿಲ ತನಕ ಹೋದವರು ತಿರುಗಿ ನೋಡಿದರು. “ನಿಮ್ದು ಊಟ ಆತಾ?” ಎಂದು ಕೇಳಿದರು.

ಎಷ್ಟೋ ಸಾವಿರ ಸಲ ನಾನು ಬೇರೆಯವರಿಗೆ ಕೇಳಿದ ಪ್ರಶ್ನೆ. ಹೆಂಡತಿ ಹೋದ ಮೇಲೆ ನನಗೆ ಯಾರೂ ಕೇಳಿರಲಿಲ್ಲ. “ಆತು” ಎಂದೆ. ಆಗಿರಲಿಲ್ಲ.

ಇದನ್ನು ಬರೆಯುವ ಮೊದಲು ಅಕ್ಕ ತಮ್ಮ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಹಾಗಾಗಿ ಮುಂದೆ ಎಂದೋ ಆ ಮನೆಯಲ್ಲಿ ಆ ಮಾತು ಆಗಿದೆ ಎಂದು ಓದುಗರು ಊಹಿಸಬಹುದು. ಆ ದಿನ ನಾನು ಅಲ್ಲಿರಲಿಲ್ಲ, ಅದು ನನ್ನ ಕತೆಯೂ ಅಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದೆಲ್ಲ ಮೌನವನ್ನು ತೆಗೆದುಹಾಕುವುದು. ಅದು ತಪ್ಪಲ್ಲ, ರೇಡಿಯೊಕ್ಕೆ ಅದೇ ಸರಿ. ಆದರೆ ಆ ಹನ್ನೊಂದು ಸೆಕೆಂಡನ್ನು ನಾನು ಕತ್ತರಿಸಿಯೇ ಬಿಟ್ಟಿದ್ದರೆ ಆ ಮಧ್ಯಾಹ್ನ ಒಬ್ಬ ಹೆಂಗಸು ತನ್ನ ತಮ್ಮನಿಗೆ ಉತ್ತರ ಕೊಡಲು ಜಾಗವೇ ಇರುತ್ತಿರಲಿಲ್ಲ. ಸತ್ತ ಗಾಳಿ ಎನ್ನುವ ಶಬ್ದವನ್ನು ಅಂದಿನಿಂದ ನಾನು ಬಳಸಿಲ್ಲ.

ಪ್ರದರ್ಶನ ಮುಗಿದು ಕೆಲವು ವಾರಗಳ ಮೇಲೆ ವಸಂತ ಎಂದಿನಂತೆ ಜಾಹೀರಾತಿಗೆ ಬಂದ. ಯಾವುದೋ ಕಣ್ಣಿನ ತಪಾಸಣಾ ಶಿಬಿರ. ಹೆಡ್‌ಫೋನ್ ಏರಿಸಿ, ಊಟ ಆತಾ, ಎಂತ ಊಟ ಎಂದು ಕೇಳಿದೆ.

“ಮಧ್ಯಾಹ್ನದ್ದು ಆಗ್ಲಿಲ್ಲ ಸರ್, ನಿನ್ನೆ ಉಂಡದ್ದೇ ಕರಗ್ಲಿಲ್ಲ. ನಮ್ಮ ಅಕ್ಕಂದು ಎಂತದೋ ಹೊಸ ಚಾಳಿ. ನಾ ಬರೂವರೆಗೆ ಉಣ್ಣೂದಿಲ್ಲ. ಎರಡು ತಾಟು ಇಟ್ಕಂಡು ಜಗುಲೀಲಿ ಕೂತಿರ್ತದೆ. ಊಟ ಆತನಾ ಅಂತ ಕೇಳೂದೇ ಬಿಟ್ಟಿದೆ. ಎದುರು ಕೂತು ಉಣ್ಣುವಾಗ ‘ಆತು’ ಹೇಳೂಕೆ ಬತ್ತದಾ ಸರ್? ಎಂತಾರೂ ಮಾತಾಡ್ಬೇಕಾಗ್ತದೆ. ನಿನ್ನೆ ಏಡಿ ಸಾರು. ಚಿಪ್ಪು ಒಡೀತಾ ಒಡೀತಾ ಅವ್ವನ ಸುದ್ದಿ ಬಂತು...” ಮೈಕನ್ನು ಸ್ವಲ್ಪ ಹತ್ತಿರ ಎಳೆದುಕೊಂಡ. “ಅದನ್ನೂ ಹೇಳಿಬಿಡುವ ಅಂತ ಬಾಯಿವರೆಗೆ ಬಂದಿತ್ತು. ಹೇಳ್ಲಿಲ್ಲ.”

ಅಕ್ಕನಿಗೆ ಕೊಟ್ಟ ಮಾತು ನೆನೆದು ನಾನು ಯಂತ್ರದ ಗುಂಡಿ ತಿರುಗಿಸಿದೆ. ಅವನು ಕಣ್ಣುಜ್ಜಿಕೊಂಡು ಹಾಳೆ ಕೈಗೆತ್ತಿಕೊಂಡ.

“ಲೆವೆಲ್ ಆತಾ ಸರ್?”

ಅದು ಆಗಿ ಬಹಳ ಹೊತ್ತಾಗಿತ್ತು.

“ಇನ್ನೂ ಆಗ್ಲಿಲ್ಲ. ಮಾತಾಡು” ಎಂದೆ.